ಮುಖಕ್ಕೆ ಮೂರು ದಿನದ ರಜೆ

ಇನ್ನೂ ಬೆಳಕು ಹರಿದಿರಲಿಲ್ಲ. ಅಷ್ಟರಲ್ಲಿ ಅವಳು ರಾತ್ರಿಯ ಪಾತ್ರೆ ತೊಳೆದಾಗಿತ್ತು, ನಲ್ಲಿ ನಿಲ್ಲುವ ಮೊದಲು ನೀರು ಹಿಡಿದಾಗಿತ್ತು, ಅತ್ತೆಯ ಮಾತ್ರೆಗಳನ್ನು ಬೆಳಗಿನದು ಬೇರೆ ರಾತ್ರಿಯದು ಬೇರೆ ಮಾಡಿಟ್ಟಾಗಿತ್ತು, ಗಂಡನ ಅಂಗಿಗೆ ಇಸ್ತ್ರಿ ಹಾಕಿಯಾಗಿತ್ತು, ಮಗಳ ಒಂಟಿ ಕಾಲುಚೀಲದ ಜೋಡಿಯನ್ನು ಮಂಚದ ಕೆಳಗಿನಿಂದ ಎಳೆದು ತಂದಾಗಿತ್ತು. ಇದು ನಿತ್ಯದ ಪಾಠ. ಇವತ್ತಿನ ವಿಶೇಷವೆಂದರೆ ಅಡುಗೆ. ಅದೂ ಒಂದು ದಿನದ್ದಲ್ಲ, ಮೂರು ದಿನದ್ದು! ಒಲೆಯ ನಾಲ್ಕೂ ಬಾಯಿ ಒಟ್ಟಿಗೆ ಉರಿಯುತ್ತಿದ್ದವು. ಮದುವೆ ಮನೆಯ ಬಾಣಸಿಗರಿಗಾದರೂ ಕೈಗೊಬ್ಬರು ಸಹಾಯಕರಿರುತ್ತಾರೆ. ಇವಳಿಗೆ ಇದ್ದದ್ದು ಎರಡು ಕೈ ಮತ್ತು ಒಂದು ಶಪಥ.

ಶಪಥ ಹುಟ್ಟಿದ್ದು ಕಚೇರಿಯಲ್ಲಿ. ನೀರು ಸರಬರಾಜು ಕಚೇರಿಯ ದೂರು ಕಿಟಕಿಯಲ್ಲಿ ಕೂರುವುದು ಅವಳ ಕೆಲಸ. ಹೋದ ತಿಂಗಳು ದಪ್ಪ ಮೀಸೆಯ ಒಬ್ಬರು ಖಾಲಿ ಕೊಡ ಹಿಡಿದು, ಇಡೀ ಕಚೇರಿಯನ್ನೇ ನಡುಗಿಸುವ ಹುಮ್ಮಸ್ಸಿನಲ್ಲಿ ಬಂದರು. ಕಿಟಕಿಯಲ್ಲಿ ಬಗ್ಗಿ ಇವಳ ಮುಖ ನೋಡಿದವರೇ ದನಿ ತಗ್ಗಿಸಿದರು.

"ಮೇಡಂ, ಮನೇಲಿ ಯಾರಾದ್ರೂ ಹೋಗ್ಬಿಟ್ರಾ?"

"ಇಲ್ವಲ್ಲ. ಎಲ್ಲಾ ಇದಾರೆ."

"ಹೌದಾ... ಪರವಾಗಿಲ್ಲ ಬಿಡಿ. ನೀರು ನಾಳೆ ಬಂದ್ರೂ ನಡೆಯುತ್ತೆ. ಮೊದಲು ನೀವು ಸ್ವಲ್ಪ ಸುಧಾರಿಸ್ಕೊಳ್ಳಿ."

ಕೊಡವನ್ನು ಸದ್ದಾಗದಂತೆ ಎತ್ತಿಕೊಂಡು ಹೊರಟೇಹೋದರು! ಆಮೇಲೆ ಬಂದವರೂ ಹಾಗೆಯೇ. ಮೇಲಧಿಕಾರಿಗೆ ಹಿಗ್ಗೋ ಹಿಗ್ಗು. "ದೂರು ಅರ್ಧಕ್ಕರ್ಧ ಇಳಿದುಬಿಟ್ಟಿದೆ! ಏನು ಮಾಡ್ತೀರಿ ನೀವು?" ಎಂದು ಕೇಳಿದರು. ಏನೂ ಮಾಡುತ್ತಿರಲಿಲ್ಲ. ಸುಮ್ಮನೆ ಕೂತಿರುತ್ತಿದ್ದಳು. ಅವಳ ಮುಖವೇ ಇಲಾಖೆಯ ಪರವಾಗಿ ಕೆಲಸ ಮಾಡುತ್ತಿತ್ತು.

ಅಂದೇ ತೀರ್ಮಾನಿಸಿದಳು. ಈ ಮುಖವನ್ನು ರಿಪೇರಿ ಮಾಡಿಸಿಯೇ ಸಿದ್ಧ!

ಚರ್ಮದ ಡಾಕ್ಟರು ಸಮಾಧಾನದ ಹೆಂಗಸು. ಪೆನ್ನಿನಂಥ ಒಂದು ಸಾಧನ ತೋರಿಸಿ ಬಿಡಿಸಿ ಹೇಳಿದರು. ಮೊದಲು ಕ್ರೀಮ್ ಹಚ್ಚಿ ಮುಖ ಮರಗಟ್ಟಿಸುವುದು. ಆಮೇಲೆ ಕೂದಲಿಗಿಂತ ಸಣ್ಣ ಸೂಜಿಗಳನ್ನು ಚರ್ಮಕ್ಕೆ ಒತ್ತುವುದು. ಸೂಜಿಯ ತುದಿಯಿಂದ ಒಳಗೆ ರೇಡಿಯೋ ತರಂಗದ ಬಿಸಿ ಹೋಗುತ್ತದೆ. ಗಾಯವಾಯಿತೆಂದು ತಿಳಿದ ಚರ್ಮ ಗಡಬಡಿಸಿ ಎದ್ದು ತನ್ನನ್ನು ತಾನೇ ಹೊಸದಾಗಿ ಕಟ್ಟಿಕೊಳ್ಳತೊಡಗುತ್ತದೆ.

"ಅಂದ್ರೆ ಸೋಮಾರಿಯಾಗಿ ಬಿದ್ದಿರೋದನ್ನ ಚುಚ್ಚಿ ಎಬ್ಬಿಸಿ ಕೆಲಸಕ್ಕೆ ಹಚ್ಚೋದು?"

"ಹೆಚ್ಚೂಕಡಿಮೆ ಹಾಗೇ."

"ಅದು ಮುಖಕ್ಕೆ ಮಾತ್ರಾನಾ ಡಾಕ್ಟರೇ? ಮನೆಯಲ್ಲಿ ಇನ್ನೂ ಕೆಲವರಿಗೆ ಬೇಕಿತ್ತು."

ಡಾಕ್ಟರು ನಕ್ಕು ಮುಂದುವರಿಸಿದರು. ಮುಖ ಕೆಂಪಾಗುತ್ತದೆ, ಸ್ವಲ್ಪ ಊದುತ್ತದೆ, ಸಣ್ಣ ಚುಕ್ಕಿಗಳೇಳುತ್ತವೆ, ಮುಟ್ಟಿದರೆ ಮರಳು ಕಾಗದದ ಹಾಗೆ ತರಿತರಿ. ಹೆದರಬೇಕಾಗಿಲ್ಲ, ಇಳಿಯುತ್ತದೆ. ಆದರೆ ಮಾರನೇ ದಿನವೇ ಕನ್ನಡಿ ಮುಂದೆ ನಿಂತು ನಿರಾಸೆಪಡಬಾರದು. ಫಲ ಕಾಣುವುದು ವಾರಗಳು, ತಿಂಗಳುಗಳ ಮೇಲೆ. ಒಂದೇ ಸಲಕ್ಕೆ ಮುಗಿಯುವುದೂ ಇಲ್ಲ, ಮತ್ತೆ ಮತ್ತೆ ಬರಬೇಕು.

"ಇನ್ನೊಂದು ಮುಖ್ಯ ವಿಷಯ. ಮೂರು ದಿನ ಬಿಸಿಲು ಬೇಡ, ಬೆವರು ಬೇಡ, ಬಿಸಿ ಬೇಡ. ಒಲೆ ಮುಂದೆ ನಿಲ್ಲಲೇಬಾರದು."

"ಏನಂದ್ರಿ?"

"ಒಲೆ ಮುಂದೆ ನಿಲ್ಲಬಾರದು."

"ಇನ್ನೊಂದ್ಸಲ ಹೇಳಿ ಡಾಕ್ಟರೇ. ಕಿವಿಗೆ ಹಿತವಾಗಿದೆ."

ಆ ಹಿತ ಮನೆಯ ಹೊಸಿಲವರೆಗೆ ಬಂತು. ಊಟದ ಹೊತ್ತಿಗೆ ವಿಷಯ ತೆಗೆದಾಗ ಅತ್ತೆ ತಟ್ಟೆಯಿಂದ ತಲೆಯೆತ್ತಿದರು. "ಮುಖಕ್ಕೆ ಸೂಜಿ ಚುಚ್ಚಿಸ್ಕೋತಾಳಂತೆ! ಮುಖಾನಾ ಅದು, ದಿಂಬಾ? ನನಗಿಷ್ಟು ವಯಸ್ಸಾಯ್ತು, ಒಂದು ದಿನ ಕನ್ನಡಿ ನೋಡಿದವಳಲ್ಲ."

ಗಂಡನದು ಬೇರೆಯೇ ಚಿಂತೆ. "ಮೂರು ದಿನ ಒಲೆ ಮುಂದೆ ನಿಲ್ಲಲ್ಲ ಅಂದ್ರೆ ನಾವು ಏನು ತಿನ್ನೋದೇ?"

"ಒಲೆ ಮುಂದೆ ನಾನು ನಿಲ್ಲಬಾರದು ಅಂದಿದಾರೆ ಕಣ್ರೀ. ನಿಮ್ಮ ಹೆಸರೇನೂ ಹೇಳಿಲ್ಲ."

ಗಂಡ ಈ ಮಾತನ್ನು ಹವಾಮಾನ ವರದಿಯಂತೆ ಕೇಳಿ ಮರೆತರು. ಹಾಗಾಗಿ ಮೂರು ದಿನ ಅಡುಗೆ ಮಾಡದಿರುವುದಕ್ಕಾಗಿ ಮೂರು ದಿನದ ಅಡುಗೆಯನ್ನು ಒಂದೇ ಮುಂಜಾನೆ ಮಾಡುವ ಈ ಮಹಾಯಜ್ಞ! ಕ್ಲಿನಿಕ್ಕಿಗೆ ಹೋಗಿ ಕ್ರೀಮ್ ಹಚ್ಚಿಕೊಂಡು ಕೂರುವಷ್ಟು ಪುರುಸೊತ್ತು ಎಲ್ಲಿಂದ ಬರಬೇಕು? ಟ್ಯೂಬನ್ನು ಮನೆಗೇ ಕೇಳಿ ತಂದಿದ್ದಳು. ಪಲ್ಯ ಒಲೆಯ ಮೇಲಿರುವಾಗಲೇ ಮುಖಕ್ಕೆ ಹಚ್ಚಿಕೊಂಡು, ಟ್ಯೂಬನ್ನು ಅಡುಗೆಮನೆಯ ಕಿಟಕಿಯಲ್ಲಿಟ್ಟು, ಡಬ್ಬಿಗಳಿಗೆ ಅಡುಗೆ ತುಂಬಿ ಫ್ರಿಜ್ಜಿನಲ್ಲಿ ಸಾಲಾಗಿ ಜೋಡಿಸಿದಳು. ಕೆನ್ನೆ ಮರಗಟ್ಟಿತು. ತುಟಿ ಯಾರದೋ ತುಟಿಯಂತಾಯಿತು. ಡಬ್ಬಿಗಳ ಸಾಲು ನೋಡಿ ನಗೋಣವೆಂದುಕೊಂಡಳು. ನಗು ಬಂತೋ ಇಲ್ಲವೋ ತಿಳಿಯಲಿಲ್ಲ.

ಸೀರೆಯ ನೆರಿಗೆ ಹಿಡಿದಿದ್ದಳು, ಅಷ್ಟರಲ್ಲಿ ನಡುಮನೆಯಿಂದ ಕೂಗು.

"ಅಯ್ಯೋ! ನನ್ನ ಬಾಯಿ ಎಲ್ಲೋ! ಬಾಯಿ ಹೋಯ್ತಲ್ಲೋ!"

ಅತ್ತೆ ಕುರ್ಚಿಯಲ್ಲಿ ಒರಗಿ, ಎರಡೂ ಕೈಯಲ್ಲಿ ತಮ್ಮ ಕೆನ್ನೆ ತಡಕಾಡುತ್ತಿದ್ದರು. ಕಾಫಿ ಗಲ್ಲದ ಮೇಲೆ ಇಳಿಯುತ್ತಿತ್ತು. ಮಾತು ತೊದಲುತ್ತಿತ್ತು. ಮಗಳು ಓಡಿ ಬಂದಳು. "ಅಜ್ಜೀ, ಏನಾಯ್ತು? ಏನಾದ್ರೂ ಹಚ್ಕೊಂಡ್ರಾ?"

"ನಾನ್ಯಾಕೆ ಹಚ್ಕೊಳ್ಳಲಿ! ಕೈಕಾಲು ಬಿದ್ದುಹೋಗೋ ರೋಗ ಕಣೇ ಇದು!"

"ಅತ್ತೇ, ನಾಲಿಗೆ ಹೊರಗೆ ಹಾಕಿ," ಎಂದು ಸೊಸೆ ಹೇಳಿದಳು. ಅವಳ ತುಟಿಯೂ ಮರಗಟ್ಟಿತ್ತಲ್ಲ, ಅದೂ ತೊದಲಾಗಿಯೇ ಬಂತು. ಆಗ ಗಂಡ ಸ್ನಾನದ ಮನೆಯಿಂದ ಹೊರಬಂದರು. ಸೀನು ಬಂದರೆ ಉಯಿಲಿನ ಮಾತೆತ್ತುವ ಮನುಷ್ಯ. ತೊದಲುವ ತಾಯಿಯನ್ನು ನೋಡಿದರು, ತೊದಲುವ ಹೆಂಡತಿಯನ್ನು ನೋಡಿದರು.

"ಇಬ್ರಿಗೂ ಒಟ್ಟಿಗೇನಾ!"

"ನಂದು ಕ್ರೀಮು ಕಣ್ರೀ..."

"ನಿಂದು ಕ್ರೀಮು, ಸರಿ. ಅಮ್ಮಂದು? ನೀನು ರಾಶಿ ರಾಶಿ ಬೇಯಿಸಿದ್ಯಲ್ಲ, ಅದೇ ಕೆಟ್ಟು ವಿಷ ಆಗಿದೆ! ಅಯ್ಯೋ, ನಾನೂ ರುಚಿ ನೋಡಿದ್ದೆ! ನನ್ನ ಬೆರಳೂ ಜುಮ್ ಅಂತಿದೆ!"

ಜುಮ್ಮೆನ್ನುವ ಅದೇ ಬೆರಳುಗಳಿಂದ ಫ್ರಿಜ್ಜಿನ ಬಾಗಿಲು ತೆರೆದರು. ಮನೆಯಲ್ಲಿ ಚಮಚ ಎಲ್ಲಿದೆಯೆಂದು ಇವತ್ತಿಗೂ ಕೇಳುವವರಿಗೆ ಕಸದ ಬುಟ್ಟಿ ಎಲ್ಲಿದೆಯೆಂದು ಹೇಗೋ ತಿಳಿದಿತ್ತು. ಅವಳು ಸೆರಗು ಸಿಕ್ಕಿಸಿಕೊಂಡು ಬರುವಷ್ಟರಲ್ಲಿ ಮೊದಲನೇ ದಿನ ಬುಟ್ಟಿಗೆ ಬಿದ್ದಿತ್ತು, ಎರಡನೇ ದಿನ ಅದರ ಮೇಲೆ, ಮೂರನೇ ದಿನ ಅಂಚಿನಿಂದ ಸೋರುತ್ತಿತ್ತು. ಇಪ್ಪತ್ತು ವರ್ಷದ ಸಂಸಾರದಲ್ಲಿ ಗಂಡ ಅಡುಗೆಮನೆಯ ಕೆಲಸವೊಂದನ್ನು ಇಷ್ಟು ಚುರುಕಾಗಿ ಮಾಡಿದ್ದು ಇದೇ ಮೊದಲು!

ಅವಳು ಅಳಲಿಲ್ಲ. ಅತ್ತರೂ ಮುಖಕ್ಕೆ ಗೊತ್ತಾಗುತ್ತಿರಲಿಲ್ಲ.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಡ್ಯೂಟಿ ಡಾಕ್ಟರು ಅತ್ತೆಯ ಕೈಯೆತ್ತಿಸಿದರು, ಕಾಲೆತ್ತಿಸಿದರು. ಎಲ್ಲ ಸರಿಯಾಗಿಯೇ ಎದ್ದವು. ಪಕ್ಕದಲ್ಲಿ ನಿಂತಿದ್ದ ಮಗನ ಬಿಪಿ ನೋಡಿದರು, ಅದು ಮುಗಿಲು ಮುಟ್ಟಿತ್ತು. ಕೂಡಲೇ ಅವರನ್ನೇ ಪರದೆಯಾಚೆ ಮಲಗಿಸಿದರು. ಅತ್ತೆ, ಸೊಸೆ ಇಬ್ಬರೇ ಉಳಿದಾಗ ಅತ್ತೆ ಅವಳ ಸೆರಗು ಜಗ್ಗಿದರು.

"ಕಿಟಕೀಲಿತ್ತಲ್ಲ, ಆ ಟ್ಯೂಬು."

"ಹಚ್ಕೊಂಡ್ರಾ?"

"ಸ್ವಲ್ಪ."

ಸೊಸೆ ಅವರ ಕಿವಿಯ ಹಿಂದೆ ಬೆರಳಾಡಿಸಿದಳು. ಬಿಳಿ ಕ್ರೀಮು ಮೆತ್ತಿಕೊಂಡಿತು. ಸ್ವಲ್ಪವೇನಲ್ಲ, ಗೋಡೆಗೆ ಸುಣ್ಣ ಬಳಿದಷ್ಟಿತ್ತು.

"ಕನ್ನಡಿ ನೋಡಲ್ಲ ಅಂದಿದ್ರಿ."

"ನೋಡಲ್ಲ ಅಂದ ಮಾತ್ರಕ್ಕೆ ಮುಖ ಇಲ್ಲ ಅಂತಾನಾ?" ಅತ್ತೆಯ ದನಿ ಸಣ್ಣದಾಯಿತು. "ಮುಖ ಹೇಗಿದೆ ಅಂತ ನೀನಾದ್ರೂ ಡಾಕ್ಟರ ಹತ್ರ ಹೋಗಿ ಕೇಳ್ದೆ. ನಾನು ಯಾರನ್ನ ಕೇಳ್ಲಿ? ಅವನಿಗೆ ಹೇಳ್ಬೇಡ ಕಣಮ್ಮಾ. ನಗ್ತಾನೆ."

ಅವಳಿಗೆ ಸಿಟ್ಟು ಬರಬೇಕಿತ್ತು. ಬುಟ್ಟಿಯಲ್ಲಿ ಬಿದ್ದ ಮೂರು ದಿನ ಕಣ್ಣ ಮುಂದಿತ್ತು. ಆದರೆ ಸಿಟ್ಟಿಗೂ ಶಕ್ತಿ ಬೇಕಲ್ಲ! ಡಾಕ್ಟರ ಕಿವಿಯಲ್ಲಿ ವಿಷಯ ಹಾಕಿದಳು. ಅವರು ನಗು ನುಂಗಿಕೊಂಡು, "ಪೂರ್ತಿ ಒರೆಸಿಬಿಡೋಣ. ತಾನಾಗೇ ಬಿಡುತ್ತೆ. ಸ್ವಲ್ಪ ಹೊತ್ತು ನಮ್ಮ ಕಣ್ಣೆದುರಿಗೇ ಇರ್ಲಿ, ಗಾಬರಿ ಏನಿಲ್ಲ," ಎಂದರು. ಅತ್ತೆಯ ಮುಖವನ್ನು ಒರೆಸಿ, ಹಾಗೇ ತನ್ನದನ್ನೂ ಒರೆಸಿಕೊಂಡಳು.

ಪರದೆಯ ಆಚೆಯಿಂದ ಗಂಡನ ಕ್ಷೀಣ ದನಿ ಕೇಳಿಸಿತು. "ಲೇ, ನೀನು ಇಲ್ಲೇ ಇರು. ಇಬ್ಬರನ್ನೂ ನೋಡ್ಕೋಬೇಕಲ್ಲ. ಆ ಸೂಜಿ ಗೀಜಿ ಇನ್ನೊಂದು ದಿನ ಆದ್ರಾಯ್ತು. ಸಂಜೆ ಹೋಗಿ ಬಿಸಿಯಾಗಿ ಏನಾದ್ರೂ ಮಾಡು, ಸಾಕು. ನನಗೇನೂ ಜಾಸ್ತಿ ಆಸೆ ಇಲ್ಲ."

ಅವಳು ಪರದೆ ಸರಿಸಿ ನೋಡಿದಳು. ಗಂಡ ಎದೆಯ ಮೇಲೆ ಕೈ ಜೋಡಿಸಿ ಮಲಗಿದ್ದರು. ಮುಖದಲ್ಲಿ ಒಂದು ಗೆರೆಯಿಲ್ಲ! ಈ ಮನೆಯಲ್ಲಿ ಇಷ್ಟು ನುಣುಪಾದ ಚರ್ಮ ಯಾರದೆಂದು ಅವಳಿಗೆ ಇವತ್ತು ಗೊತ್ತಾಯಿತು. ಯಾವ ಸೂಜಿಯೂ ಬೇಕಾಗಿರಲಿಲ್ಲ ಅದಕ್ಕೆ.

ಅವಳು ಕೈಚೀಲ ಹೆಗಲಿಗೇರಿಸಿದಳು. ಅತ್ತೆ ನೋಡಿದರು, ಕಣ್ಣಲ್ಲೇ ಬಾಗಿಲು ತೋರಿಸಿದರು. ಆಮೇಲೆ ಗಟ್ಟಿಯಾಗಿ, "ನನ್ನ ಮಗ ನನ್ನ ಪಕ್ಕದಲ್ಲೇ ಇರ್ಬೇಕಪ್ಪಾ, ಎಲ್ಲೂ ಹೋಗ್ಬೇಡ!" ಎಂದು ನರಳತೊಡಗಿದರು.

ಕ್ಲಿನಿಕ್ಕಿಗೆ ಏದುಸಿರು ಬಿಡುತ್ತ ಬಂದವಳ ಕೆನ್ನೆಯನ್ನು ನರ್ಸ್ ಒತ್ತಿ ನೋಡಿದಳು. "ಎಲ್ಲ ಬಿಟ್ಟುಹೋಗಿದೆ ಅಕ್ಕಾ. ಮತ್ತೆ ಹಚ್ಚಬೇಕು. ಮರಗಟ್ಟೋ ತನಕ ಒರಗಿಕೊಂಡಿರಿ. ಏನೂ ಮಾಡೋ ಹಾಗಿಲ್ಲ. ಫೋನೂ ಬೇಡ."

ಕ್ರೀಮ್ ಹಚ್ಚಿ, ದೀಪ ತಗ್ಗಿಸಿ, ಬಾಗಿಲೆಳೆದುಕೊಂಡು ಹೋದಳು. ತಣ್ಣನೆಯ ಕೋಣೆ. ಒರಗು ಕುರ್ಚಿ. ಕಾಲಿನ ಮೇಲೆ ಯಾರೋ ಮಡಿಸಿಟ್ಟ ತೆಳು ಹೊದಿಕೆ. ಅದನ್ನು ಒಗೆದವಳು ತಾನಲ್ಲ ಎಂಬುದೇ ಅವಳಿಗೆ ಒಂದು ಸುಖವಾಗಿ ಕಂಡಿತು. ಯಾರೂ ಕರೆಯಲಿಲ್ಲ. ಯಾರ ಟವೆಲೂ ಕಾಣೆಯಾಗಲಿಲ್ಲ. ಕಣ್ಣು ಮುಚ್ಚಿದ್ದಷ್ಟೇ ಗೊತ್ತು.

"ಶುರು ಮಾಡೋಣ್ವಾ?" ಡಾಕ್ಟರು ತಲೆಯ ಹತ್ತಿರ ನಿಂತಿದ್ದರು. "ಒಳ್ಳೇ ನಿದ್ದೆ ಮಾಡಿದ್ರಿ. ಎಲ್ಲಿ, ನೋಡೋಣ." ಬೆರಳಿನಿಂದ ಅವಳ ಕೆನ್ನೆಯನ್ನು ಚಿವುಟಿದರು. "ಏನಾದ್ರೂ ಗೊತ್ತಾಗ್ತಿದೆಯಾ?"

ಏನೂ ಗೊತ್ತಾಗಲಿಲ್ಲ. ಕೆನ್ನೆ ಕಲ್ಲಾಗಿತ್ತು, ತುಟಿ ಕೊರಡಾಗಿತ್ತು, ಮುಖವೆಂಬುದು ಇದೆಯೋ ಇಲ್ಲವೋ ಎಂಬಂತಿತ್ತು. ಸಿದ್ಧತೆ ಸಂಪೂರ್ಣವಾಗಿತ್ತು. ಶಪಥ ಈಡೇರಲು ಒಂದು ತಲೆಯಾಡಿಸುವಿಕೆ ಮಾತ್ರ ಬಾಕಿ.

ಅವಳು ಮೆಲ್ಲಗೆ ಒಂದು ಕಣ್ಣು ತೆರೆದಳು. ಬಾಗಿಲು ಮುಚ್ಚಿತ್ತು. ಹೊದಿಕೆ ಬೆಚ್ಚಗಿತ್ತು.

"ಅಯ್ಯಪ್ಪಾ! ಎಷ್ಟು ನೋಯ್ತು ಡಾಕ್ಟರೇ!" ಎಂದು ತೊದಲಿದಳು. "ಇನ್ನೂ ಏನೇನೂ ಮರಗಟ್ಟಿಲ್ಲ."

ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡು ಆ ಕಡೆಗೆ ಹೊರಳಿದಳು.