ಎಂಟು ಟನ್ನಿನ ಎತ್ತರ

ಇಪ್ಪತ್ತೈದು ಟನ್ ಹೊರುವ ಟ್ರೈಲರಿಗೆ ಎಂಟು ಟನ್ ಯಾವ ಲೆಕ್ಕ ಎಂದುಕೊಂಡದ್ದೇ ಧರ್ಮೇಂದ್ರ ಮಾಡಿದ ತಪ್ಪು. ಎಂಟು ಟನ್ ಕಬ್ಬಿಣವಾಗಿದ್ದರೆ ಒಂದು ಮೂಲೆಯಲ್ಲಿ ತೆಪ್ಪಗೆ ಬಿದ್ದಿರುತ್ತಿತ್ತು. ಇದು ತೆಂಗಿನ ನಾರು. ನಲವತ್ತಡಿ ಉದ್ದ, ಎಂಟಡಿ ಅಗಲದ ಗಾಡಿ ತುಂಬಿದರೂ ಮುಗಿಯದೆ ಆಕಾಶಕ್ಕೆ ಏರುತ್ತಾ ಹೋಯಿತು.

ಚನ್ನರಾಯಪಟ್ಟಣದ ಹತ್ತಿರದ ಹಳ್ಳಿಯಲ್ಲಿ ಅವನು ನಾರಿನ ಕಾರ್ಖಾನೆ ಹಾಕಿದ್ದು ಈಚೆಗೆ. ಹಾಸನದಲ್ಲಿ ಹಾಸಿಗೆ ತಯಾರಿಸುವ ಈಶ್ವರಯ್ಯನವರು ಕೊಟ್ಟ ಮೊದಲ ಆರ್ಡರು ಇದು. ಈ ಲೋಡು ಮೆಚ್ಚಿದರೆ ವರ್ಷವಿಡೀ ವ್ಯಾಪಾರ. ಮೆಚ್ಚದಿದ್ದರೆ ಕಾರ್ಖಾನೆಗೆ ಬೀಗ ಹಾಕಬೇಕು, ಅಷ್ಟೆ.

ಊರಿನಿಂದ ಹೈವೇ ಸೇರಲು ರೈಲ್ವೆ ಸೇತುವೆಯ ಕೆಳಗೇ ನುಸುಳಬೇಕು. ಅದರ ಮುಂದೆ ಹನ್ನೆರಡಡಿ ಎತ್ತರದಲ್ಲಿ ಒಂದು ಕಬ್ಬಿಣದ ಅಡ್ಡಪಟ್ಟಿ. ಬೆಳಿಗ್ಗೆ ಖಾಲಿಯಾಗಿ ಆರಾಮವಾಗಿ ಒಳಗೆ ಬಂದಿದ್ದ ಟ್ರೈಲರು ಈಗ ಹದಿಮೂರೂವರೆ ಅಡಿ ಬೆಳೆದು ಅಲ್ಲೇ ನಿಂತಿತು.

ಊರೇ ನೆರೆಯಿತು. ಎಲ್ಲರಿಗಿಂತ ಮುಂದೆ ಪಕ್ಕದ ಮನೆಯ ಲಕ್ಕಯ್ಯ. ಯಾರ ಮನೆಯಲ್ಲಿ ಏನು ಕೆಟ್ಟರೂ ಕರೆಯದೆ ಬಂದು ರಿಪೇರಿ ಹೇಳುವ ಮನುಷ್ಯ.

"ಮೇಲಿಂದ ಒಂದಷ್ಟ್ ಇಳ್ಸಿ, ಇನ್ನೊಂದ್ ಗಾಡೀಲಿ ಕಳ್ಸಿದ್ರಾಯ್ತು," ಎಂದಳು ಧರ್ಮೇಂದ್ರನ ಹೆಂಡತಿ ಶಾಂತಿ.

"ಸುಮ್ಕಿರವ್ವ, ಎರಡ್ ಬಾಡ್ಗೆ ಯಾರಪ್ಪ ಕೊಡ್ತಾನೆ?" ಎಂದ ಲಕ್ಕಯ್ಯ. "ಡ್ರೈವರಣ್ಣ, ಟೈರಿನ್ ಗಾಳಿ ಬುಡು."

ಡ್ರೈವರು ಗೊಣಗುತ್ತಾ ಗಾಳಿ ಬಿಟ್ಟ. ಗಾಡಿ ಇಳಿದದ್ದು ನಾಲ್ಕು ಬೆರಳು.

"ಎಲ್ರೂ ಅತ್ತಿ ತುಳೀರ್ಲಾ!"

ಹತ್ತಾರು ಜನ ಹತ್ತಿ ತುಳಿದರು. ನಾರು ಕೂತಿತು. ಅವರು ಇಳಿದ ಕೂಡಲೇ ಎಣ್ಣೆಗೆ ಬಿದ್ದ ಪೂರಿಯ ಹಾಗೆ ಉಬ್ಬಿತು. ಅವರನ್ನು ಮೇಲೇ ಬಿಟ್ಟರೆ ಅಡ್ಡಪಟ್ಟಿ ನೇರ ತಲೆಗೇ ಬಡಿಯುತ್ತಿತ್ತು.

"ನೀರ್ ಬುಡ್ಬೇಕು ಕಣ," ಎಂದ ಲಕ್ಕಯ್ಯ ಕೊನೆಗೆ. "ತಲೆಕೂದ್ಲು ನೆಂದ್ರೆ ಅಂಟ್ಕಳಲ್ವಾ? ಇದೂ ಅಂಗೇಯ."

"ಒಣಗ್ದೇ ಓದ್ರೆ ಏನ್ ಗತಿ ಲಕ್ಕಣ್ಣ?" ಎಂದ ಧರ್ಮೇಂದ್ರ.

"ಆಸ್ನ ಮುಟ್ಟೋ ಒತ್ಗೆ ಗಾಳಿಗೆ ಗರಿಗರಿ ಆಯ್ತದೆ, ನೋಡ್ತಿರು!"

ಟ್ರ್ಯಾಕ್ಟರಿನಲ್ಲಿ ಎರಡು ಟ್ಯಾಂಕರ್ ನೀರು ಬಂತು. ಸುರಿದರು, ತುಳಿದರು, ಹಗ್ಗ ಬಿಗಿದರು. ಟ್ರೈಲರು ಅಡ್ಡಪಟ್ಟಿಯ ಕೆಳಗೆ ಗೇಣಷ್ಟು ಜಾಗ ಬಿಟ್ಟು ದಾಟಿದಾಗ ಶಿಳ್ಳೆಯೋ ಶಿಳ್ಳೆ. ಟೈರಿಗೆ ಗಾಳಿ ತುಂಬಿಸಿಕೊಂಡು, ಧರ್ಮೇಂದ್ರನನ್ನೂ ಕೂರಿಸಿಕೊಂಡು ಗಾಡಿ ಹಾಸನದ ದಾರಿ ಹಿಡಿಯಿತು. ಈಶ್ವರಯ್ಯನವರ ಶಹಭಾಸ್‌ಗಿರಿಯಲ್ಲಿ ತನ್ನ ಪಾಲು ತಪ್ಪಬಾರದೆಂದು ಲಕ್ಕಯ್ಯನೂ ಒಂದು ಆಟೋ ಹತ್ತಿ ಹಿಂದೆ ಹೊರಟ.

ಹಾಸನದಲ್ಲಿ ಗಾಡಿಯ ತೂಕ ಕಳೆದು ನಾರಿನ ತೂಕ ನೋಡಿದರೆ ಹದಿಮೂರು ಟನ್!

"ಎಂಟು ಟನ್ ಕಳಿಸು ಅಂದ್ರೆ ಹದಿಮೂರು ತಂದಿದ್ದೀಯಲ್ಲಪ್ಪ," ಎನ್ನುತ್ತಾ ಈಶ್ವರಯ್ಯನವರು ನಾರಿನೊಳಗೆ ಮೊಣಕೈವರೆಗೆ ಕೈ ತೂರಿಸಿದರು. ಹೊರಗೆ ಬಂದ ಕೈಯಿಂದ ನೀರು ತೊಟ್ಟಿಕ್ಕಿತು. "ಮೇಲೆ ಒಣಗಿದೆ, ಒಳಗೆ ಕೆರೆ! ನೀರು ಹೊಡೆದು ತೂಕ ಏರಿಸೋರನ್ನ ನಾನು ಬೇಕಾದಷ್ಟು ಕಂಡಿದ್ದೀನಿ ಕಣಯ್ಯ."

ನೀರು ಹಾಕಿದ್ದು ತೂಕಕ್ಕಲ್ಲ, ಎತ್ತರಕ್ಕೆ ಎಂದರೆ ಯಾರು ನಂಬುತ್ತಾರೆ? ಧರ್ಮೇಂದ್ರನಿಗೇ ನಂಬಿಕೆ ಬರಲಿಲ್ಲ. ಜೀವಮಾನದಲ್ಲಿ ವ್ಯಾಪಾರದಲ್ಲಿ ಸುಳ್ಳು ಹೇಳದವನು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ. "ಲೋಡ್ ಮಾಡ್ವಾಗ ಮಳೆ ಹುಯ್ದ್ಬುಡ್ತು ಸಾ."

ಈಶ್ವರಯ್ಯನವರು ತಲೆಯೆತ್ತಿ ನೋಡಿದರು. ಪುಣ್ಯಕ್ಕೆ ಮೋಡವಿತ್ತು.

"ನಾರೇನೋ ಚೆನ್ನಾಗಿದೆ," ಎಂದರು ನಿಧಾನವಾಗಿ. "ಮಳೆಗೆ ಯಾರೇನು ಮಾಡೋಕಾಗುತ್ತೆ? ಇಳಿಸು, ಒಣಗಿಸಿ ತೂಗೋಣ. ಮುಂದಿನ ತಿಂಗಳಿನದೂ ನೀನೇ ಕಳಿಸು."

ಧರ್ಮೇಂದ್ರನಿಗೆ ಹೋದ ಜೀವ ಬಂದಂತಾಯಿತು. ಕಾಲಿಗೆ ಬೀಳುವುದೊಂದು ಬಾಕಿ.

ಅಷ್ಟರಲ್ಲಿ ಆಟೋ ಬಂದು ನಿಂತಿತು. ಇಳಿದ ಲಕ್ಕಯ್ಯ ತೂಕದವನನ್ನು ವಿಚಾರಿಸಿಕೊಂಡು, ಮುಖ ಊರಗಲ ಮಾಡಿಕೊಂಡು ಈಶ್ವರಯ್ಯನವರ ಮುಂದೆ ಬಂದ.

"ಹದಿಮೂರ್ ಟನ್ನಂತಲ್ಲ ಸಾ! ಎಲ್ಲಾ ನನ್ ಐಡಿಯಾನೇಯ!"

"ಮಳೆ ನೀರು ಸೇರಿದೆಯಂತಲ್ಲಪ್ಪ," ಎಂದರು ಈಶ್ವರಯ್ಯನವರು.

"ಮಳೆನಾ? ಒಂದ್ ತೊಟ್ಟೂ ಬಿದ್ದಿಲ್ಲ ಸಾ!" ಲಕ್ಕಯ್ಯ ಎದೆ ತಟ್ಟಿಕೊಂಡ. "ಎರಡ್ ಟ್ಯಾಂಕರ್ ನೀರು ಬುಡ್ಸಿದ್ದು ನಾನೇಯ. ಮುಂದಿನ್ ಲೋಡ್ಗೆ ನಾಕು ಬುಡುಸ್ತೀವಿ, ನೀವೇನೂ ಯೋಚ್ನೆ ಮಾಡ್ಬೇಡಿ!"

ಈಶ್ವರಯ್ಯನವರು ಗೇಟನ್ನು ಪೂರ್ತಿ ತೆಗೆಸಿದರು. ನಲವತ್ತಡಿ ಗಾಡಿ ಲೋಡಿನ ಸಮೇತ ಹಿಂದಕ್ಕೆ ಹೋಗಲು ಅಷ್ಟು ಜಾಗ ಬೇಕೇ ಬೇಕಲ್ಲ.