ನಾಲಿಗೆಗೆ ಮೊದಲ ಹನಿ

ಮಲರ್‌ಕೊಡಿಯ ಬಾಳಿಗೆ ಮುಳುವಾದದ್ದು ತಾಳೆಬೆಲ್ಲದ ನೀರು. ಅದೂ ಎಷ್ಟು? ಇರುವೆಯೊಂದು ಕುಡಿದರೆ ಅದರ ಬಾಯಾರಿಕೆಯೂ ತೀರದಷ್ಟು.

ನಮ್ಮ ತಾಮ್ರಪರ್ಣಿ ದಂಡೆಯ ಮಕ್ಕಳೆಂದರೆ ಸಾಮಾನ್ಯರಲ್ಲ. ಒಂದು ಕೂಸು ಮನಸ್ಸಿಟ್ಟು ಅತ್ತರೆ ತಿರುಚೆಂದೂರಿನ ಕಡಲು ಎರಡು ಮಾರು ಹಿಂದೆ ಸರಿಯುತ್ತದೆ. ಅಂಥ ಊರಿನ ಸರ್ಕಾರಿ ಆಸ್ಪತ್ರೆಗೆ ಹೆರಿಗೆ ಮಾಡಿಸುವುದನ್ನು ಕಲಿಯಲು ಬಂದ ಮಲರ್‌ಕೊಡಿ, ಬಂದಾಗಿನಿಂದ ಕಂಡದ್ದು ಬಸುರಿಯರ ತಲೆಯ ಕಡೆಯನ್ನು ಮಾತ್ರ. ಬೆವರು ಒರೆಸುವುದು, ಹಿಂಡಿಕೊಳ್ಳಲು ಕೈ ಕೊಡುವುದು. ನೋವು ತಿನ್ನುವ ಹೆಂಗಸರು ಹಿಂಡಿ ಹಿಂಡಿ ಅವಳ ಬಲಗೈ ಎಡಗೈಗಿಂತ ಒಂದು ಗೇಣು ಉದ್ದವಾಗಿತ್ತು.

ಆ ಬೆಳಿಗ್ಗೆ ಮೊದಲ ಸಲ ಕಾಲಿನ ಕಡೆ ನಿಲ್ಲುವ ಭಾಗ್ಯ ಬಂತು. ಇಸಕ್ಕಿ ಎಂಬವಳ ಚೊಚ್ಚಲ ಹೆರಿಗೆ. ಹೆಣ್ಣುಕೂಸು ಮಲರ್‌ಕೊಡಿಯ ಅಂಗೈಗೇ ಜಾರಿ ಬಂತು. ಕೆಲಸ ಕಲಿಸುತ್ತಿದ್ದ ಎಸ್ತರ್ ಸಿಸ್ಟರ್ ಕೆಮ್ಮಿದರೆ ಸಾಕು, ಕತ್ತರಿಗಳು ತಾವಾಗಿ ಕುದಿಯುವ ನೀರಿಗೆ ಹಾರುತ್ತಿದ್ದವು. ಅಂಥವರೂ ತಲೆದೂಗಿದರು.

“ಕೈ ಚೆನ್ನಾಗಿದೆ. ಸಂಜೆವರೆಗೂ ಈ ಕೂಸಿನ ನಾಲಿಗೆಗೆ ತಾಯಿ ಹಾಲು ಬಿಟ್ಟು ಬೇರೇನೂ ತಾಗದ ಹಾಗೆ ನೋಡ್ಕೋ. ನೋಡ್ಕೊಂಡ್ಯೋ, ನಾಳೆಯಿಂದ ನೀನು ಹೆರಿಗೆ ಕೋಣೆಯವಳು. ಇಲ್ವೋ, ದುಪ್ಪಟಿ ಮಡಚ್ತಾ ತರಬೇತಿ ಮುಗಿಸು.”

ಸಿಸ್ಟರ್ ಹೆದರಿದ್ದು ಸೇನೈ ಶಾಸ್ತ್ರಕ್ಕೆ. ಹುಟ್ಟಿದ ಕೂಸಿನ ನಾಲಿಗೆಗೆ ಮೊದಲ ಸಿಹಿನೀರು ಯಾರ ಬೆರಳಿನಿಂದ ತಾಗುತ್ತದೋ ಕೂಸಿಗೆ ಅವರದೇ ಗುಣ. ಎರಡನೆಯ ಬೆರಳಿಗೆ ಬೆಲೆಯಿಲ್ಲ. ಹೆಸರಿಡುವುದಕ್ಕೆ ತಿಂಗಳುಗಟ್ಟಲೆ ಕಾಯುವ ನಮ್ಮ ಜನ ಸೇನೈಗೆ ಅರೆಗಳಿಗೆ ಕಾಯಲಾರರು.

ವಾರ್ಡಿನ ಬಾಗಿಲಲ್ಲಿ ಆಗಲೇ ಇಬ್ಬರು ಬೆರಳು ತೊಳೆದು ಎತ್ತಿ ಹಿಡಿದು ನಿಂತಿದ್ದರು. ಗಂಡನ ಕಡೆಯಿಂದ ನಿವೃತ್ತ ಹೆಡ್‌ಮಾಸ್ಟರ್ ಸುಡಲೈಮುತ್ತು, ತವರಿನ ಕಡೆಯಿಂದ ಇಸಕ್ಕಿಯ ಸೋದರಮಾವ, ಹೆಡ್ ಕಾನ್‌ಸ್ಟೇಬಲ್ ಮಾಯಾಂಡಿ. ಮೇಷ್ಟ್ರ ಗುಣ ಬಂದರೆ ಕೂಸು ಬಾಯಿ ಮುಚ್ಚುವುದಿಲ್ಲ ಎಂದು ಒಬ್ಬರು, ಪೊಲೀಸರ ಗುಣ ಬಂದರೆ ಚಾಚಿದ ಕೈ ಮಡಚುವುದಿಲ್ಲ ಎಂದು ಇನ್ನೊಬ್ಬರು. ಮಲರ್‌ಕೊಡಿ ಇಬ್ಬರನ್ನೂ ಅಟ್ಟಿದಳು. ಮೇಷ್ಟ್ರು ಉಗುರಿನ ಸಂದಿಯಲ್ಲಿ ಜೇನು ತುಂಬಿಕೊಂಡು ಬಂದರು. ಕಾನ್‌ಸ್ಟೇಬಲ್ ಟೋಪಿಯೊಳಗೆ ಸಕ್ಕರೆ ನೀರಿನ ಬಟ್ಟಲು ಮುಚ್ಚಿಟ್ಟುಕೊಂಡು ಬಂದ. ಅವಳು ಪೊಲೀಸ್ ನಾಯಿಯ ಹಾಗೆ ಇಬ್ಬರ ಬೆರಳನ್ನೂ ಮೂಸಿ ಮೂಸಿ ಹಿಂದಕ್ಕೆ ಕಳಿಸಿದಳು. ಜಗಳ ಏರಿತು, ಗೋಡೆಯ ಸುಣ್ಣ ಉದುರತೊಡಗಿತು. ದಿಕ್ಕು ತೋಚದೆ ಒಂದು ಮಾತು ಆಡಿಬಿಟ್ಟಳು. ಆ ಮಾತಿಗಾಗಿ ಆಮೇಲೆ ಅವಳು ಹಳಹಳಿಸಿದಷ್ಟು ಯಾರೂ ಸಾವಿಗೂ ಹಳಹಳಿಸಿಲ್ಲ.

“ಯಾಕೆ ಕಿತ್ತಾಡ್ತೀರಿ? ಸೇನೈ ಆಗೋಯ್ತು. ಕೂಸು ಕೈಗೆ ಬಂದ ತಕ್ಷಣ ನಾನೇ ಇಟ್ಟೆ.”

ತಿರುಗುತ್ತಿದ್ದ ಫ್ಯಾನೂ ನಿಂತಿತು. ಇಸಕ್ಕಿಯ ಅತ್ತೆ ಪೇಚ್ಚಿಯಮ್ಮಾಳ್ ಬಾಯಲ್ಲಿದ್ದ ವೀಳ್ಯವನ್ನು ಜಗಿಯದೆ ನುಂಗಿದಳು.

“ನೀನಾ? ಎಷ್ಟು ಓದಿದೀಯ ತಾಯಿ?”

ಅಲ್ಲಿಂದ ಶುರುವಾಯಿತು ವಿಚಾರಣೆ. ಅಕ್ಕಪಕ್ಕದ ಮಂಚದ ಬಾಣಂತಿಯರೂ ಎದ್ದು ಬಂದು ಕೂತರು. ಲೆಕ್ಕದಲ್ಲಿ ಎರಡು ಸಲ ನಪಾಸಾದದ್ದು ಹೊರಬಿತ್ತು. ಮದುವೆಗೆ ಗೊತ್ತಾಗಿದ್ದ ಗಂಡು ತಪ್ಪಿಹೋದದ್ದು ಹೊರಬಿತ್ತು. ಅಂಬಾಸಮುದ್ರದಲ್ಲಿ ಇಳಿಯಬೇಕಾದವಳು ಬಸ್ಸಿನಲ್ಲಿ ನಿದ್ದೆ ಹೋಗಿ ತೆಂಕಾಶಿ ಸೇರಿದ್ದೂ ಹೊರಬಿತ್ತು. ಕೂಸು ಕಣ್ಣು ಮುಚ್ಚಿದರೆ ಅದು ಬಸ್ಸಿನ ನಿದ್ದೆ, ಅತ್ತರೆ ಲೆಕ್ಕ ಬಾರದ ಅಳು. ಪೇಚ್ಚಿಯಮ್ಮಾಳ್ ಎದೆ ಬಡಿದುಕೊಂಡಳು. ಇಸಕ್ಕಿಯೊಬ್ಬಳು ಮಾತ್ರ ಗೋಡೆ ಕಡೆ ತಿರುಗಿ ಸುಮ್ಮನೆ ಮಲಗಿದ್ದಳು.

ಸುಡಲೈಮುತ್ತು ಮೇಷ್ಟ್ರು ನೆಟ್ಟಗೆ ಹೋಗಿ ದೂರು ಕೊಟ್ಟರು. ಸಿಸ್ಟರ್ ಬಂದು ನಿಂತರು, ಕೆಮ್ಮಲೂ ಇಲ್ಲ.

ಮಲರ್‌ಕೊಡಿ ಲೆಕ್ಕ ಹಾಕಿದಳು. ಸುಳ್ಳನ್ನು ಉಳಿಸಿಕೊಂಡರೆ ಹೆರಿಗೆ ಕೋಣೆ ಹೋಯಿತು. ನಿಜ ಹೇಳಿದರೆ ಬೆರಳುಗಳು ಮತ್ತೆ ಏಳುತ್ತವೆ. ಏಳಲಿ, ಸಂಜೆ ಹತ್ತಿರವೇ ಇದೆ, ಮೂಸಿದರಾಯಿತು ಅಂದುಕೊಂಡಳು.

“ಸುಳ್ಳು ಹೇಳಿದೆ ಸಿಸ್ಟರ್. ನಾನೇನೂ ಇಟ್ಟಿಲ್ಲ. ಒಂದು ಹನೀನೂ ತಾಗಿಲ್ಲ.”

ಸಿಸ್ಟರ್ ಹುಬ್ಬು ಸಡಿಲವಾಯಿತು. ಅಷ್ಟರಲ್ಲಿ ಪೇಚ್ಚಿಯಮ್ಮಾಳ್ ಓಡಿ ಬಂದು ಮಲರ್‌ಕೊಡಿಯ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

“ಹೊಟ್ಟೆ ತಣ್ಣಗಾಯ್ತು ತಾಯಿ. ಹಾಗಾದ್ರೆ ನಾನಿಟ್ಟಿದ್ದೇ ಮೊದಲನೇದು.”

ಮಲರ್‌ಕೊಡಿ ಬಾಗಿಲಲ್ಲಿ ಬೆರಳು ಮೂಸುತ್ತಿದ್ದಾಗ, ಇಸಕ್ಕಿಗೆ ಜೋಂಪು ಹತ್ತಿದ್ದಾಗ, ಮುದುಕಿ ಎಲೆಡಬ್ಬಿಯ ಮುಚ್ಚಳದಲ್ಲಿ ತಾಳೆಬೆಲ್ಲ ಕಲಸಿ ಕೆಲಸ ಮುಗಿಸಿದ್ದಳಂತೆ. ಮಲರ್‌ಕೊಡಿ ಬಾಗಿಲು ಬಿಟ್ಟು ಅಲ್ಲಾಡದಿರಲಿ ಎಂದೇ ಬೀಗರ ಕಡೆಯ ಕಾನ್‌ಸ್ಟೇಬಲ್ಲಿಗೂ ತಾನೇ ಹೇಳಿಕಳಿಸಿದ್ದಳಂತೆ. ಎತ್ತಿದ ಬೆರಳುಗಳೆರಡೂ ಮೆಲ್ಲಗೆ ಜೇಬು ಸೇರಿದವು. ಸಿಸ್ಟರ್ ದುಪ್ಪಟಿ ಕೋಣೆಯ ಬೀಗದ ಕೈ ಮಲರ್‌ಕೊಡಿಯ ಅಂಗೈಯಲ್ಲಿಟ್ಟು ಹೋದರು. ಬೆಳಿಗ್ಗೆ ಕೂಸು ಜಾರಿ ಬಂದದ್ದು ಅದೇ ಅಂಗೈಗೆ.

ಹೊರಟವಳನ್ನು ಇಸಕ್ಕಿ ಸನ್ನೆ ಮಾಡಿ ಹತ್ತಿರ ಕರೆದಳು. ಅವಳ ಕಣ್ಣು ತುಂಬಿತ್ತು.

“ಅಕ್ಕಾ, ಸೇನೈ ನೀವಿಟ್ಟಿದ್ದು ಅಂತ ಕೇಳಿ ನಂಗೆಷ್ಟು ನೆಮ್ಮದಿಯಾಗಿತ್ತು ಗೊತ್ತಾ? ಲೆಕ್ಕ ಬರದಿದ್ರೂ ಕೈ ಹಿಡ್ಕೊಳ್ಳೋ ಗುಣ ಬರುತ್ತಲ್ಲ ಅಂದ್ಕೊಂಡೆ. ಮನೇಲಿ ಒಬ್ಬಳು ಅತ್ತೆ ಇರೋದು ಸಾಲ್ದು ಅಂತ ಈಗ ಇನ್ನೊಬ್ಬಳನ್ನ ಹೆತ್ತ ಹಾಗಾಯ್ತು. ಆ ಸುಳ್ಳನ್ನೇ ಹಿಡ್ಕೊಂಡಿದ್ದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?”