ಇಟಲಿಯಲ್ಲಿ ಸುಮ್ಮನೆ ಕೂರುವ ಯೋಜನೆ

ಸುಮ್ಮನೆ ಕೂತವನನ್ನು ಕಂಡರೆ ಈ ಜಗತ್ತಿನಲ್ಲಿ ಯಾರಿಗೂ ಆಗಿಬರುವುದಿಲ್ಲ. ರಸ್ತೆ ಮಧ್ಯದಲ್ಲಿ ಒಬ್ಬ ಗುಂಡಿ ತೋಡುತ್ತಿದ್ದರೆ ಯಾಕಪ್ಪಾ ತೋಡುತ್ತೀ ಎಂದು ಯಾರೂ ಕೇಳುವುದಿಲ್ಲ. ಪಕ್ಕಕ್ಕೆ ಸರಿದು ಹೋಗುತ್ತಾರೆ. ಅದೇ ನೀವು ನಿಮ್ಮ ಮನೆಯ ಕಟ್ಟೆಯ ಮೇಲೆ ಅರ್ಧ ಗಂಟೆ ಸುಮ್ಮನೆ ಕೂತು ನೋಡಿ. ಹಾದು ಹೋಗುವ ನಾಲ್ಕು ಜನರಲ್ಲಿ ಮೂವರು ನಿಂತು, ‘ಯಾಕ್ರಿ, ಆರಾಮಿಲ್ಲೇನು?’ ಎಂದು ಕೇಳುತ್ತಾರೆ. ನಾಲ್ಕನೆಯವನು ಕೇಳುವುದಿಲ್ಲ, ನೇರವಾಗಿ ಒಳಗೆ ಹೋಗಿ ಹೆಂಡತಿಯ ಹತ್ತಿರ ವಿಚಾರಿಸುತ್ತಾನೆ. ನಾರಾಯಣಪೇಟೆಯಲ್ಲಿ ಹೀಗೆ ಎಂದು ನನಗೆ ಮೊದಲೇ ಗೊತ್ತಿತ್ತು. ಆದರೆ ಸುಮ್ಮನೆ ಕೂರುವುದಕ್ಕೆ ಇಟಲಿಗೆ ಹೊರಟರೂ ಇದೇ ಪ್ರಶ್ನೆ ಬೆನ್ನುಹತ್ತಿ ಬರುತ್ತದೆ ಎಂದು ಗೊತ್ತಿರಲಿಲ್ಲ.

ನಾನು ಮೂವತ್ತನಾಲ್ಕು ವರ್ಷ ಸರ್ಕಾರಿ ಬಸ್ ನಿಲ್ದಾಣಗಳಲ್ಲಿ ಟೈಮ್ ಕೀಪರ್ ಆಗಿದ್ದವನು. ಮೊದಲು ಮಖ್ತಲ್‌ನಲ್ಲಿ, ಆಮೇಲೆ ಗದ್ವಾಲದಲ್ಲಿ, ಕೊನೆಗೆ ಊರು ನಾರಾಯಣಪೇಟೆಯಲ್ಲಿ. ಗದ್ವಾಲದ ಬಸ್ಸು ಎಷ್ಟಕ್ಕೆ, ರಾಯಚೂರಿನದು ಎಷ್ಟಕ್ಕೆ, ಎಲ್ಲ ನನ್ನ ಬಾಯಲ್ಲೇ ಇರುತ್ತಿತ್ತು. ಸಾಮಾನ್ಯ ಪ್ರಯಾಣಿಕರಿಗೆ ತೆಲುಗಿನಲ್ಲಿ, ಕೃಷ್ಣಾ ಹೊಳೆಯ ಕಡೆಯಿಂದ ಬಂದವರಿಗೆ ಕನ್ನಡದಲ್ಲಿ, ಜಗಳಕ್ಕೆ ಬಂದವರಿಗೆ ಉರ್ದುವಿನಲ್ಲಿ ಹೇಳುತ್ತಿದ್ದೆ. ಲಕ್ಷಾಂತರ ಜನರನ್ನು ಹತ್ತಿಸಿ ಕಳಿಸಿದೆ. ನಾನು ಮಾತ್ರ ಕಿಟಕಿಯ ಒಳಗೇ ಉಳಿದೆ. ಆ ಕಿಟಕಿಯ ಪಕ್ಕದಲ್ಲಿ ಯಾರೋ ಒಂದು ವರ್ಷ ಕ್ಯಾಲೆಂಡರ್ ತೂಗುಹಾಕಿದ್ದರು. ಅದರಲ್ಲಿ ಇಟಲಿಯ ಒಂದು ಸರೋವರ, ದಂಡೆಯ ಮೇಲೊಂದು ಬೆಂಚು. ಬೆಂಚಿನ ಮೇಲೆ ಯಾರೂ ಇಲ್ಲ. ವರ್ಷ ಮುಗಿದರೂ ನಾನು ಕ್ಯಾಲೆಂಡರ್ ತೆಗೆಯಲು ಬಿಡಲಿಲ್ಲ. ನಿವೃತ್ತನಾದ ದಿನ ನಿಶ್ಚಯ ಮಾಡಿಬಿಟ್ಟೆ: ಹೆಂಡತಿ ಮಹಾದೇವಿಯನ್ನು ಕರೆದುಕೊಂಡು ಇಟಲಿಗೆ ಹೋಗುವುದು, ಇಪ್ಪತ್ತಾರು ದಿನ ಇರುವುದು, ಗಡಿಯಾರ ನೋಡದೆ ಇರುವುದು.

ಹೋಗುವುದಕ್ಕೆ ಮೊದಲು ನಾನು ಎಲ್ಲಿರುವವನು ಎನ್ನುವುದೇ ತೀರ್ಮಾನವಾಗಬೇಕಾಯಿತು. ಪಾಸ್‌ಪೋರ್ಟಿಗೆ ಕಾಗದಪತ್ರ ಕೂಡಿಸಿದರೆ ಒಂದರಲ್ಲಿ ಆಂಧ್ರಪ್ರದೇಶ, ಮಹಬೂಬ್‌ನಗರ ಜಿಲ್ಲೆ; ಇನ್ನೊಂದರಲ್ಲಿ ತೆಲಂಗಾಣ, ಮಹಬೂಬ್‌ನಗರ ಜಿಲ್ಲೆ; ಮತ್ತೊಂದರಲ್ಲಿ ತೆಲಂಗಾಣ, ನಾರಾಯಣಪೇಟೆ ಜಿಲ್ಲೆ. ವಿಚಾರಣೆಗೆ ಬಂದ ಪೊಲೀಸಿನವರು, ‘ಈ ಮೂರರಲ್ಲಿ ನೀವು ಯಾವ ವಿಳಾಸದಲ್ಲಿದ್ದೀರಿ?’ ಎಂದು ಕೇಳಿದರು. ಮೂರರಲ್ಲೂ ಇದ್ದೇನೆ ಎಂದೆ. ಅವರಿಗೆ ನಗು ಬರಲಿಲ್ಲ. ನಿಜವಾಗಿ ನಾನು ಹೇಳಿದ್ದರಲ್ಲಿ ತಪ್ಪೇನಿತ್ತು? ನಮ್ಮಪ್ಪ ಕಟ್ಟಿಸಿದ ಪಡಸಾಲೆಯಲ್ಲಿ ಅದೇ ಕುರ್ಚಿಯ ಮೇಲೆ ಕೂತು ಎರಡು ರಾಜ್ಯ, ಎರಡು ಜಿಲ್ಲೆ ಸುತ್ತಿ ಬಂದವನು ನಾನು. ಕೂತಲ್ಲೇ ಪ್ರವಾಸ ಮಾಡುವುದರಲ್ಲಿ ನನಗಿರುವಷ್ಟು ಅನುಭವ ಬೇರೆಯವರಿಗಿರಲಿಕ್ಕಿಲ್ಲ.

ಯೋಜನೆ ಬರೆಯಲು ಏಳು ತಿಂಗಳು ತೆಗೆದುಕೊಂಡೆ. ನಗಬೇಡಿ. ಅವಸರದ ಪ್ರವಾಸವನ್ನು ಒಂದು ಮಧ್ಯಾಹ್ನದಲ್ಲಿ ಬರೆಯಬಹುದು. ನಿಧಾನದ ಪ್ರವಾಸಕ್ಕೆ ವಿಚಾರ ಬೇಕು. ಕೇವಲ ನಾಲ್ಕು ಊರು: ಸರೋವರದ ಊರು, ವೆನಿಸ್, ಫ್ಲಾರೆನ್ಸ್, ರೋಮ್. ಆರು ದಿನಕ್ಕೆ ಮೊದಲು ಯಾವ ಊರನ್ನೂ ಬಿಡಬಾರದು. ದಿನಕ್ಕೆ ಒಂದಕ್ಕಿಂತ ಹೆಚ್ಚು ನೋಡಬಾರದು, ನೋಡಿದ್ದಕ್ಕೆ ಮರುದಿನ ವಿಶ್ರಾಂತಿ. ನೋಟುಬುಕ್ಕಿನ ಮೊದಲ ಪುಟ ಹೀಗಿತ್ತು: ‘ದಿನ ಒಂದು, ಇಳಿಯುವುದು. ದಿನ ಎರಡು, ಇಳಿದದ್ದರ ಆಯಾಸ. ದಿನ ಮೂರು, ಕೆರೆ. ದಿನ ನಾಲ್ಕು, ಕೆರೆ. ದಿನ ಐದು, ಮಳೆ ಬಂದರೆ ಕಿಟಕಿ, ಬರದಿದ್ದರೆ ಕೆರೆ.’ ಇದನ್ನು ಮಹಾದೇವಿಗೆ ಓದಿ ಹೇಳಿದೆ. ಅವಳು ರೊಟ್ಟಿ ಬಡಿಯುತ್ತ, ‘ಹೂಂ, ಚಲೋ ಐತಿ’ ಎಂದಳು. ನನಗೆ ತುಂಬ ಸಂತೋಷವಾಯಿತು. ಇಂಥ ಹೆಂಡತಿ ಎಷ್ಟು ಜನಕ್ಕೆ ಸಿಕ್ಕುತ್ತಾಳೆ ಎಂದುಕೊಂಡೆ.

ತೊಂದರೆ ಗದ್ವಾಲದಿಂದ ಬಂತು. ಅಲ್ಲಿ ಸೀರೆ ಅಂಗಡಿ ಇಟ್ಟಿರುವ ನನ್ನ ಭಾವಮೈದುನ ವೀರಭದ್ರಪ್ಪ, ಹತ್ತು ದಿನದಲ್ಲಿ ಏಳು ದೇಶ ನೋಡಿ ಬಂದವನು. ಅವನ ಮುಂದೆ ಯಾರೂ ಪರದೇಶದ ಮಾತೆತ್ತುವಂತಿಲ್ಲ. ಒಂದು ಭಾನುವಾರ ಜುರಾಲ ಅಣೆಕಟ್ಟೆ ದಾಟಿ ಕಾರಿನಲ್ಲಿ ಬಂದಿಳಿದವನೇ ನನ್ನ ನೋಟುಬುಕ್ಕು ಕೈಗೆತ್ತಿಕೊಂಡ. ಪುಟ ತಿರುಗಿಸುತ್ತ ಹೋದಂತೆ ಅವನ ಮುಖ, ಬಣ್ಣ ಬಿಟ್ಟ ಸೀರೆಯನ್ನು ನೋಡುವ ಹಾಗೆ ಆಯಿತು.

‘ಭಾವಾರ, ಇಪ್ಪತ್ತಾರು ದಿನ, ನಾಲ್ಕ ಊರು? ಇಷ್ಟರಾಗ ನಾ ಇಡೀ ಭೂಮಿ ಸುತ್ತಿ ಬರ್ತಿದ್ದೆ.’

‘ನೀ ಪ್ಯಾರಿಸ್‌ನಾಗ ಏನು ನೋಡಿದಿ?’ ಎಂದು ಕೇಳಿದೆ.

‘ಬಸ್ಸು ಇಪ್ಪತ್ತು ನಿಮಿಷ ನಿಲ್ಲಿಸಿದ್ರು. ಅದರಾಗ ಹದಿನೈದು ನಿಮಿಷ ಪಾಯಖಾನಿ ಪಾಳಿ ಇತ್ತು. ಉಳಿದ ಐದು ನಿಮಿಷದಾಗ ಆ ಕಬ್ಬಿಣದ ಕಂಬ ನೋಡಿದೆ, ಫೋಟೋ ಹೊಡೆಸಿಕೊಂಡೆ.’ ಇದನ್ನು ಅವನು ನಾಚಿಕೆಯಿಂದ ಹೇಳಲಿಲ್ಲ, ಸಾಧನೆಯಂತೆ ಹೇಳಿದ. ಅಷ್ಟೇ ಅಲ್ಲ, ಜೇಬಿನಿಂದ ಪೆನ್ನು ತೆಗೆದು ನನ್ನ ಏಳು ತಿಂಗಳ ನೋಟುಬುಕ್ಕಿನ ಆರನೇ ದಿನದ ಎದುರು ‘ಸ್ವಿಟ್ಜರ್ಲೆಂಡ್ (ಹೋಗಿ ಬರುವುದು)’ ಎಂದು ಬರೆದೇಬಿಟ್ಟ. ಯಾರದೋ ಮನೆಗೆ ಹೋಗಿ ಯಾರದೋ ವಿಶ್ರಾಂತಿಯ ಮೇಲೆ ಪೆನ್ನಿನಿಂದ ಬರೆಯುವುದು ಯಾವ ಸಂಸ್ಕಾರ, ನೀವೇ ಹೇಳಿ. ಪ್ರವಾಸ ನನ್ನದು, ಮೊಣಕಾಲು ನನ್ನದು. ನನ್ನನ್ನು ಒಂದು ಮಾತು ಕೇಳಬೇಕೆಂದು ಅವನಿಗೆ ಅನ್ನಿಸಲೇ ಇಲ್ಲ. ಅವನು ಹೋದಮೇಲೆ ಬ್ಲೇಡಿನಿಂದ ಸ್ವಿಟ್ಜರ್ಲೆಂಡನ್ನು ಕೆರೆದು ತೆಗೆದೆ. ಪುಟ ತೂತಾಯಿತು, ಅದರ ಬೆನ್ನಿಗೆ ಬರೆದಿದ್ದ ವೆನಿಸ್‌ನ ಅರ್ಧ ಭಾಗವೂ ಹೋಯಿತು.

ಎರಡನೆಯ ಅವಮಾನ ಮಖ್ತಲ್‌ನಲ್ಲಿ ಆಯಿತು. ಅಲ್ಲಿ ಟಿಕೆಟ್ಟು, ವೀಸಾ ಮಾಡಿಸಿಕೊಡುವ ಶ್ರೀನು ಎಂಬ ಏಜೆಂಟನ ಅಂಗಡಿಯಿದೆ. ಒಳ್ಳೆಯ ಮನುಷ್ಯ. ವಿಮಾನ, ವಸತಿ ಎಲ್ಲ ನಾನು ಹೇಳಿದ ನಾಲ್ಕು ಊರಿಗೇ ಗೊತ್ತು ಮಾಡಿಕೊಟ್ಟಿದ್ದ. ಆದರೆ ವೀಸಾ ಅರ್ಜಿಯ ಜೊತೆಗೆ ದಿನದಿನಕ್ಕೂ ಏನೇನು ಮಾಡುತ್ತೀರಿ ಎಂದು ಬರೆದು ಕೊಡಬೇಕಂತೆ. ನಾನು ನೋಟುಬುಕ್ಕು ಮುಂದಿಟ್ಟೆ. ಅವನು ಓದಿ ಕನ್ನಡಕ ತೆಗೆದಿಟ್ಟ.

‘ಸಾರ್, ಇದು ಕೊಟ್ರ ವೀಸಾ ರಾದು ಸಾರ್, ಬರಲ್ಲ. ಏಮಿ ಇದು, ಕೆರೆ, ಕೆರೆ, ಕಿಟಕಿ, ಕೆರೆ? ಅಲ್ಲಿ ಹೋಗಿ ಮತ್ತ ವಾಪಸ್ ಬರಲ್ಲ ಇವರು ಅಂತಾರ.’

‘ಬರದೆ ಏನು ಮಾಡ್ತೀನಪ್ಪಾ? ಬರುವ ಟಿಕೆಟ್ಟು ನೀನೇ ತೆಗೆಸೀದಿ.’

‘ಟಿಕೆಟ್ ಬೇರೆ, ನಂಬಿಕೆ ಬೇರೆ ಸಾರ್. ಅಷ್ಟು ದೂರ ಹೋಗಿ ಸುಮ್ಮನೆ ಕುಂದುರ್ತೀನಿ ಅಂದ್ರ ಯಾರು ನಂಬ್ತಾರ? ಮೀರು ಟೆನ್ಷನ್ ತೀಸ್ಕೋವದ್ದು, ಚಿಂತಿ ಬಿಡ್ರಿ, ನಾ ಎಲ್ಲ ತುಂಬಿಸ್ತೀನಿ.’

ತುಂಬಿಸಿದ. ಎರಡೇ ದಿನದಲ್ಲಿ ಅಚ್ಚು ಹಾಕಿದ ಮೂರು ಹಾಳೆ ಮನೆಗೆ ಬಂದವು. ಊರುಗಳು ಅವೇ ನಾಲ್ಕು. ಆದರೆ ಒಂದು ದಿನವೂ ಖಾಲಿಯಿಲ್ಲ. ಬೆಳಿಗ್ಗೆ ವಸ್ತುಸಂಗ್ರಹಾಲಯ, ಮಧ್ಯಾಹ್ನ ಗೋಪುರ, ಸಂಜೆ ದೋಣಿ. ಇದು ನಿಜವಲ್ಲವಲ್ಲಪ್ಪಾ ಎಂದು ಫೋನು ಮಾಡಿದರೆ, ಕಾಗದಕ್ಕೆ ಮಾತ್ರ ಸಾರ್, ಅಲ್ಲಿ ನಿಮಗೆ ಬೇಕಾದ ಹಾಗೆ ಇರಿ ಎಂದ. ನನಗೆ ಮೈ ಉರಿದುಹೋಯಿತು. ಮೂವತ್ತನಾಲ್ಕು ವರ್ಷದಲ್ಲಿ ಒಂದು ಬಸ್ಸು ಐದು ನಿಮಿಷ ತಡವಾಗಿ ಬಂದರೆ ಐದು ನಿಮಿಷ ಎಂದೇ ಬರೆದವನು ನಾನು. ಈಗ ಒಂದು ದೇಶದ ಸರ್ಕಾರಕ್ಕೆ, ಅದೂ ನನಗೆ ಏನೂ ಕೆಡುಕು ಮಾಡದ ಸರ್ಕಾರಕ್ಕೆ, ನಾನು ಗೋಪುರ ಹತ್ತುತ್ತೇನೆ ಎಂದು ಸುಳ್ಳು ಹೇಳಬೇಕೇ? ಹಾಳೆಗಳನ್ನು ಕಪಾಟಿನ ಮೇಲೆ ಎಸೆದೆ. ನನ್ನ ಯೋಜನೆಯನ್ನೇ ಶುದ್ಧವಾಗಿ ಇಂಗ್ಲಿಷಿನಲ್ಲಿ ಬರೆದು ಸಿದ್ಧಮಾಡಿಕೊಂಡೆ. ಆ ವಾರವೆಲ್ಲ ಮನೆಯಲ್ಲಿ ಬೈಗುಳವೇ. ವೀರಭದ್ರಪ್ಪನನ್ನು ಬೈದೆ, ಶ್ರೀನುವನ್ನು ಬೈದೆ, ಮನುಷ್ಯನಿಗೆ ತನ್ನ ಇಷ್ಟದಂತೆ ಇರಲು ಬಿಡದ ಕಾಲವನ್ನೇ ಬೈದೆ. ಮಹಾದೇವಿ ಒಂದು ಮಾತನ್ನೂ ಆಡಲಿಲ್ಲ. ನನ್ನ ಪಕ್ಷದಲ್ಲಿದ್ದಾಳೆ ಎಂದು ತಿಳಿದುಕೊಂಡೆ.

ಹೈದರಾಬಾದಿನ ವೀಸಾ ಕೇಂದ್ರದಲ್ಲಿ ನಮ್ಮ ಪಾಳಿ ಬಂದಾಗ ಕಿಟಕಿಯಲ್ಲಿ ಕೂತಿದ್ದವಳು ನಮ್ಮ ಕಡೆಯ ಹುಡುಗಿಯೇ. ಮಾತಿನ ನಡುವೆ ತನ್ನ ತಾಯಿಯ ಊರು ಗದ್ವಾಲದ ಹತ್ತಿರದ ಮಲ್ದಕಲ್ ಎಂದಳು. ಮಹಾದೇವಿಗೂ ಅವಳಿಗೂ ಅಲ್ಲೇ ಸಲಿಗೆ ಆಯಿತು. ಅವಳು ನನ್ನ ಹಾಳೆಯನ್ನು ಎರಡು ಸಲ ಓದಿ, ‘ಸಾರ್, ಮೂರನೇ ದಿನ ಕೆರೆ ಅಂತಿದೆ. ನಾಲ್ಕನೇ ದಿನವೂ ಕೆರೆ. ಏಳನೇ ದಿನವೂ. ಆ ಕೆರೆಯಲ್ಲಿ ಏನಿದೆ?’ ಎಂದು ಕೇಳಿದಳು.

‘ನೀರು’ ಎಂದೆ.

ಅವಳು ಪೆನ್ನು ಕೆಳಗಿಟ್ಟಳು. ಆಮೇಲೆ ಮಹಾದೇವಿಯ ಕಡೆ ತಿರುಗಿ, ‘ಅಮ್ಮಾ, ನೀವು ಹೇಳಿ, ಅಲ್ಲಿ ಹೋಗಿ ಏನೇನು ನೋಡುತ್ತೀರಿ?’ ಎಂದಳು.

ಮಹಾದೇವಿ ತನ್ನ ಚೀಲದೊಳಗೆ ಕೈ ಹಾಕಿ, ಮಡಿಕೆ ಮಾಡಿದ ಹಾಳೆಗಳನ್ನು ತೆಗೆದಳು. ನಾನು ಕಪಾಟಿನ ಮೇಲೆ ಎಸೆದಿದ್ದ ಶ್ರೀನುವಿನ ಹಾಳೆಗಳೇ. ಪ್ರತಿ ಇಂಗ್ಲಿಷ್ ಸಾಲಿನ ಕೆಳಗೂ ಪೆನ್ಸಿಲಿನಲ್ಲಿ ಕನ್ನಡದಲ್ಲಿ ಬರೆದಿದ್ದಳು. ಆಮೇಲೆ ತಿಳಿಯಿತು, ನಾನು ಪೇಪರು ಓದಲು ಗ್ರಂಥಾಲಯಕ್ಕೆ ಹೋದಾಗ ಶ್ರೀನುವಿಗೆ ಫೋನು ಮಾಡಿ ಒಂದೊಂದು ಸಾಲನ್ನೂ ಕೇಳಿ ಬರೆದುಕೊಂಡಿದ್ದಳು. ಆದರೆ ಅಲ್ಲಿ ಅವಳಿಗೆ ಹಾಳೆ ನೋಡುವ ಅಗತ್ಯವೇ ಬೀಳಲಿಲ್ಲ.

‘ರೋಮ್‌ನಾಗ ಚಿತ್ರ ಬರೆದ ಛಾವಣಿ ಐತಂತ, ಅದನ್ನ ಮಲಗಿದಂಗ ಕತ್ತೆತ್ತಿ ನೋಡಬೇಕಂತ. ಅಲ್ಲಿಂದ ಒಂದಿನ ರೈಲಿನಾಗ ಹೋದ್ರ ಬೂದ್ಯಾಗ ಹೂತುಹೋದ ಊರು, ಒಲಿ ಮ್ಯಾಲಿನ ಗಡಿಗಿ ಸೈತ ಹಂಗ ಅದಾವಂತ. ಫ್ಲಾರೆನ್ಸ್‌ನಿಂದ ಹಂಗ ಒಂದಿನ ಹೋದ್ರ ವಾಲಿದ ಗೋಪುರ ಹತ್ತಾಕ ಬಿಡ್ತಾರಂತ. ಫ್ಲಾರೆನ್ಸ್‌ನಾಗ ಒಂದು ಗುಮ್ಮಟ ಐತಿ, ನಾನೂರಕ್ಕೂ ಹೆಚ್ಚು ಮೆಟ್ಲು. ಅದಕ್ಕ ಈಗ ದಿನಾ ಮಾಳಿಗಿ ಹತ್ತಿ ಇಳದು ರೂಢಿ ಮಾಡ್ಲಿಕತ್ತೀನಿ.’

ಒಣಹಾಕಿದ ಹಪ್ಪಳ ನೋಡಲು ದಿನಕ್ಕೆ ಹತ್ತು ಸಲ ಯಾಕೆ ಮಾಳಿಗೆ ಹತ್ತುತ್ತಾಳೆ ಎಂದು ನನಗೆ ಅದುವರೆಗೆ ಅರ್ಥವಾಗಿರಲಿಲ್ಲ. ಹುಡುಗಿ ನಗುತ್ತ ನನ್ನ ಹಾಳೆಯನ್ನು ವಾಪಸ್ ಕೊಟ್ಟು ಮಹಾದೇವಿಯ ಹಾಳೆಗಳನ್ನು ತೆಗೆದುಕೊಂಡಳು. ಊರುಗಳೂ ವಸತಿಯೂ ಎರಡರಲ್ಲೂ ಒಂದೇ ಇದ್ದುದರಿಂದ ಅಡ್ಡಿಯೇನೂ ಆಗಲಿಲ್ಲ.

ಹೊರಗೆ ಬಂದು ಚಹಾ ಕುಡಿಯುತ್ತ ನಿಂತಾಗ ಕೇಳಿದೆ, ‘ನಿನಗ ಇದೆಲ್ಲ ನೋಡಬೇಕು ಅಂತಿದ್ರ ನನಗ್ಯಾಕ ಹೇಳಲಿಲ್ಲ?’

‘ನೀವು ಕೇಳಿಲ್ಲಲ್ರಿ’ ಎಂದಳು. ಸಿಟ್ಟಿನಿಂದಲ್ಲ, ಸಕ್ಕರೆ ಸ್ವಲ್ಪ ಕಡಿಮೆ ಎನ್ನುವ ಹಾಗೆ. ‘ಏಳು ತಿಂಗಳು ಓದಿ ಓದಿ ಹೇಳಿದ್ರಿ. ಹೆಂಗೈತಿ ಅಂತ ಕೇಳಿದ್ರಿ, ಚಲೋ ಐತಿ ಅಂದೆ. ನಿನಗೇನು ಬೇಕು ಅಂತ ಕೇಳಲಿಲ್ಲ. ನೀವು ಊರೂರಿಗೆ ಬಸ್ ಕಳಿಸಿದ್ರಿ, ನಾ ಆ ಒಂದ ಅಡುಗಿಮನಿ ಕಿಟಕ್ಯಾಗ ನಲವತ್ತು ವರ್ಷ ನೋಡೀನಿ. ಕಿಟಕಿ ಮುಂದ ಕುಂದ್ರಾಕ ಇಟಲಿಗೆ ಯಾಕ ಹೋಗಬೇಕ್ರಿ?’

ವೀರಭದ್ರಪ್ಪ ನನ್ನನ್ನು ಕೇಳದೆ ಬರೆದದ್ದು ಒಂದೇ ಒಂದು ದಿನ. ನಾನು ಇವಳನ್ನು ಕೇಳದೆ ಇಪ್ಪತ್ತಾರು ದಿನ ಬರೆದಿದ್ದೆ. ನಾರಾಯಣಪೇಟೆಗೆ ಬಸ್ಸು ಮುಟ್ಟುವವರೆಗೆ ನಾನು ಯಾರನ್ನೂ ಬೈಯಲಿಲ್ಲ.

ವೀಸಾ ಬಂತು, ಹೋಗಿ ಬಂದೆವು. ಅವಳು ಛಾವಣಿ ನೋಡಿದಳು, ಗುಮ್ಮಟ ಹತ್ತಿದಳು, ವಾಲಿದ ಗೋಪುರದ ತುದಿಯಿಂದ ನನಗೆ ಕೈ ಬೀಸಿದಳು. ಬೂದಿಯ ಊರಿನಲ್ಲಿ ಎರಡು ಸಾವಿರ ವರ್ಷದ ಹಿಂದಿನ ಒಲೆಯ ಮುಂದೆ ಕೂತು, ಇದರ ಬಾಯಿ ಸಣ್ಣದಾಯಿತು, ಹೊಗೆ ಬರುತ್ತಿದ್ದಿರಬೇಕು ಎಂದು ತೀರ್ಪು ಕೊಟ್ಟಳು. ಇಟಲಿಯ ಎಲ್ಲ ಎತ್ತರದ ಕಟ್ಟಡಗಳ ಬುಡದಲ್ಲಿಯೂ ಅವಳ ಚೀಲ, ಶಾಲು, ನೀರಿನ ಬಾಟಲಿ ಕಾಯುತ್ತ ನಾನು ಕೂತೆ. ಕೆರೆಯ ದಂಡೆಯ ಬೆಂಚಿನ ಮೇಲೂ ಅವಳ ದೋಣಿ ಮರಳುವವರೆಗೆ ಕೂತೆ. ಲೆಕ್ಕ ಹಾಕಿದರೆ ನಾನು ಬಯಸಿದ್ದಕ್ಕಿಂತ ಹೆಚ್ಚೇ ಸುಮ್ಮನೆ ಕೂತೆ. ಆದರೆ ಇನ್ನೊಬ್ಬರು ಇಳಿದು ಬರುವುದನ್ನು ಕಾಯುತ್ತ ಕೂರುವುದಕ್ಕೂ ಸುಮ್ಮನೆ ಕೂರುವುದಕ್ಕೂ ಬಹಳ ವ್ಯತ್ಯಾಸವಿದೆ. ಮೊದಲನೆಯದನ್ನು ನಾನು ಮೂವತ್ತನಾಲ್ಕು ವರ್ಷ ಸಂಬಳ ತೆಗೆದುಕೊಂಡು ಮಾಡಿದ್ದೆ.

ಹೋದ ವಾರ ಮಹಾದೇವಿ ಒಂದು ಹೊಸ ನೋಟುಬುಕ್ಕು ತಂದು ನನ್ನ ಎದುರು ಕೂತಳು. ಮುಂದಿನ ವರ್ಷಕ್ಕಂತೆ. ಪುಟ ಬಿಡಿಸಿ, ಪೆನ್ಸಿಲು ಹಿಡಿದು, ‘ಈ ಸಲ ನಿಮ್ಮನ್ನ ಕೇಳೇ ಬರೀತೀನ್ರಿ. ನಿಮಗ ಎಲ್ಲಿ ಹೋಗಬೇಕು, ಏನು ನೋಡಬೇಕು ಹೇಳ್ರಿ’ ಎಂದಳು. ನಾನು ಬಾಯಿ ತೆರೆದೆ. ಯೋಚಿಸಿದೆ. ಫ್ಯಾನು ನೋಡಿದೆ. ಆಶ್ಚರ್ಯವೆಂದರೆ, ನನ್ನನ್ನು ಯಾರೂ ಕೇಳುವುದಿಲ್ಲ ಎಂದು ಇಷ್ಟು ವರ್ಷ ಕೂಗಾಡಿದವನಿಗೆ, ಕೇಳಿದ ಮೇಲೆ ಹೇಳಲು ಒಂದು ಊರಿನ ಹೆಸರೂ ಬಾಯಿಗೆ ಬರಲಿಲ್ಲ. ಅವಳು ಸಾಕಷ್ಟು ಹೊತ್ತು ಕಾದು, ‘ಇರಲಿ, ನಿಧಾನ ವಿಚಾರ ಮಾಡಿ ಹೇಳ್ರಿ, ಏನೂ ಅವಸರಿಲ್ಲ’ ಎಂದು ಎದ್ದು ಒಳಗೆ ಹೋದಳು.

ಅವಸರವಿಲ್ಲವಂತೆ. ಎಷ್ಟು ಸಿಟ್ಟು ಬಂತು ಅಂತೀರಿ.